ಆರ್15ಗೆ ಲೇತ್‌ನಲ್ಲಿ ಫ್ರೇಮ್ ಸ್ಲೈಡರ್: ತುಮಕೂರಿನಲ್ಲಿ ಮಾಡಿಸಿಕೊಂಡವರು ಇದ್ದೀರಾ?

ಶಿರಾಗೇಟ್_ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಯಮಹಾ ಆರ್15 ಬೈಕ್. ಭಾನುವಾರ ಬಂದರೆ ದೇವರಾಯನದುರ್ಗದ ಕಡೆ ಹೋಗೇ ಹೋಗುತ್ತೇನೆ, ಉಳಿದ ದಿನ ಊರೊಳಗೆ ಓಡಾಟ. ಫ್ರೇಮ್ ಸ್ಲೈಡರ್, ಅಂದರೆ ಬೈಕ್ ಬಿದ್ದರೆ ಮೊದಲು ರಸ್ತೆಗೆ ತಾಗಿ ಜಾರುವ ಹಾಗೆ ಎರಡೂ ಪಕ್ಕ ಹಾಕುವ ಗುಂಡು, ಹಾಕಿಸಬೇಕು ಅಂತ ಬಹಳ ದಿನದಿಂದ ಇದೆ. ಅಂಗಡಿಯಲ್ಲಿ ನೋಡಿದರೆ ಒಳ್ಳೆಯದಕ್ಕೆ ಬೆಲೆ ಜಾಸ್ತಿ. ಅಗ್ಗದ್ದು ಕೈಗೆ ತಗೊಂಡರೆ ಬೋಲ್ಟ್ ತಲೆ ಮೇಲೆ ಒಂದು ಗುರುತೂ ಇಲ್ಲ. ಪ್ಲಾಸ್ಟಿಕ್ ಯಾವುದು ಅಂತ ಕೇಳಿದರೆ ಮಾರುವವರಿಗೂ ಗೊತ್ತಿಲ್ಲ.

ನಮ್ಮ ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ಇಷ್ಟೊಂದು ಲೇತ್ ಇವೆ. ಒಂದು ರಾಡ್ ತಂದು ತಿರುಗಿಸಿಕೊಟ್ಟರೆ ಮುಗೀತಲ್ವಾ ಅನ್ನಿಸುತ್ತಿದೆ. ಕೇಳಬೇಕಾದ್ದು ಇಷ್ಟು. ಯಾವ ಪ್ಲಾಸ್ಟಿಕ್ ತರಲಿ? ಬೋಲ್ಟ್ ಯಾವುದು? ಫೇರಿಂಗ್‌ಗೆ, ಅಂದರೆ ಬೈಕಿನ ಪಕ್ಕದ ಪ್ಲಾಸ್ಟಿಕ್ ಹೊದಿಕೆಗೆ, ತೂತು ಹಾಕಲೇಬೇಕಾ?

ಮೊನ್ನೆ ಊರುಕೆರೆ ಕಡೆ ಸ್ನೇಹಿತ ರಾಗಿ ಹುಲ್ಲಿನ ಮೇಲೆ ಜಾರಿ ಬಿದ್ದ. ಸ್ಪೀಡ್ ಏನೂ ಇರಲಿಲ್ಲ. ಅವನಿಗೆ ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಬೈಕಿಗೆ ಮಾತ್ರ ಒಂದು ಕಡೆಯ ಫೇರಿಂಗ್ ಪೂರ್ತಿ ಹೋಯಿತು, ಕ್ಲಚ್ ಲಿವರ್ ಮುರಿಯಿತು. ಅದನ್ನು ನೋಡಿದ ಮೇಲೆ ಸುಮ್ನೆ ಇರಲು ಆಗುತ್ತಿಲ್ಲ.

ಕ್ಯಾತ್ಸಂದ್ರ_390

ಸುಗ್ಗಿ ಸಮಯದಲ್ಲಿ ರಸ್ತೆ ಮೇಲೆ ಒಕ್ಕಣೆ ಹಾಕಿರುತ್ತಾರೆ, ಹುರುಳಿ ಹಾಕಿದರಂತೂ ಇನ್ನೂ ಕಷ್ಟ. ಕಾಳು ಉದುರಿ ಟೈರಿನ ಕೆಳಗೆ ಗುಂಡು ಹಾಕಿದ ಹಾಗೆ ಉರುಳುತ್ತವೆ. ಮಧುಗಿರಿ ದಾರಿ, ಕೊರಟಗೆರೆ ದಾರಿ ಎಲ್ಲ ಕಡೆ ಇದೇ. ಅಲ್ಲಿ ಬ್ರೇಕ್ ಹಿಡಿಯದೆ, ಬೈಕ್ ಓರೆ ಮಾಡದೆ, ನೇರವಾಗಿ ನಿಧಾನಕ್ಕೆ ದಾಟಬೇಕು.

ಸ್ಲೈಡರ್ ವಿಷಯಕ್ಕೆ ಬಂದರೆ, ಡೆಲ್ರಿನ್ ಅನ್ನುವ ಪ್ಲಾಸ್ಟಿಕ್ ತಗೊಳ್ಳಿ ಬ್ರೋ. ಬೇರೆ ಯೋಚನೆ ಬೇಡ.

ಕುಣಿಗಲ್_ಕುದುರೆ

ಇಷ್ಟೆಲ್ಲ ಯಾಕೆ? ವೆಲ್ಡಿಂಗ್ ಶಾಪ್‌ನಲ್ಲಿ ಒಂದು ಇಂಚಿನ ಪೈಪ್ ಬಗ್ಗಿಸಿ ಗಾರ್ಡ್ ಮಾಡಿಸಿ. ನಮ್ಮ ಊರಲ್ಲಿ ಬುಲೆಟ್‌ಗೆ, ಸ್ಪ್ಲೆಂಡರ್‌ಗೆ ಎಲ್ಲ ಹಾಕಿಸುತ್ತಾರೆ. ಬಿದ್ದರೂ ಕಾಲು ಕೂಡ ಉಳಿಯುತ್ತದೆ.

ಮಧುಗಿರಿ_ಮೆಕ್ಯಾನಿಕ್

ಬುಲೆಟ್‌ಗೆ ಸರಿ ಅಣ್ಣ. ಫ್ರೇಮ್ ಮುಂದೆ ಡೌನ್‌ಟ್ಯೂಬ್ ಬಯಲಾಗಿ ಇರುತ್ತದೆ, ಗಾರ್ಡ್‌ಗೆ ಹಿಡಿದುಕೊಳ್ಳಲು ಜಾಗ ಇದೆ. ಫೇರಿಂಗ್ ಇರುವ ಬೈಕಿಗೆ ಆ ಜಾಗವೇ ಇಲ್ಲ. ಆಮೇಲೆ ಪೈಪ್ ಗಾರ್ಡ್ ಜಾರುವುದಿಲ್ಲ, ಕಚ್ಚಿಕೊಳ್ಳುತ್ತದೆ. ರಸ್ತೆ ಅಂಚಿನ ಕಲ್ಲಿಗೋ ಗುಂಡಿಗೋ ಸಿಕ್ಕಿತು ಅಂದರೆ ಜಾರುತ್ತಿದ್ದ ಬೈಕ್ ಪಲ್ಟಿ ಹೊಡೆಯುತ್ತದೆ. ಪಲ್ಟಿ ಹೊಡೆದರೆ ಟ್ಯಾಂಕ್, ಮೀಟರ್, ಹಿಂದಿನ ಸಬ್‌ಫ್ರೇಮ್ ಎಲ್ಲ ಹೋಗುತ್ತದೆ.

ಇನ್ನೊಂದು ವಿಷಯ ಕೈ ಮುಗಿದು ಹೇಳುತ್ತೇನೆ. ಯಾರೇ ಹೇಳಿದರೂ ಫ್ರೇಮ್‌ಗೆ ನೇರವಾಗಿ ವೆಲ್ಡಿಂಗ್ ಮಾಡಿಸಬೇಡಿ. ವೆಲ್ಡ್ ಪಕ್ಕದ ಲೋಹ ಶಾಖಕ್ಕೆ ಗುಣ ಬದಲಿಸುತ್ತದೆ. ಮುಂದೆ ಬಿರುಕು ಬಿಡುವುದು ಅಲ್ಲೇ. ಬ್ಯಾಟರಿ, ಇಸಿಯು (ಎಂಜಿನ್ ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ) ಕನೆಕ್ಟರ್ ಬಿಚ್ಚದೆ ವೆಲ್ಡ್ ಮಾಡಿ ಇಸಿಯು ಸುಟ್ಟ ಬೈಕ್ ನಮ್ಮ ಶೆಡ್‌ಗೆ ಬಂದಿದೆ.

ಗುಬ್ಬಿ_ಹುಡುಗ

ಅಲ್ಯೂಮಿನಿಯಂ ಸ್ಲೈಡರ್ ಕೂಡ ಸಿಗುತ್ತವಲ್ಲ? ನೋಡಲು ಚೆನ್ನಾಗಿದೆ.

ಮಧುಗಿರಿ_ಮೆಕ್ಯಾನಿಕ್

ನೋಡಲು ಚೆನ್ನಾಗಿದೆ ಅಷ್ಟೇ. ಪ್ಲಾಸ್ಟಿಕ್ ಸವೆಯುತ್ತಾ ಪೆಟ್ಟನ್ನು ತಾನು ತಗೊಳ್ಳುತ್ತದೆ. ಅಲ್ಯೂಮಿನಿಯಂ ಡಾಂಬರನ್ನು ಕಚ್ಚಿ ಪೆಟ್ಟನ್ನು ಹಾಗೇ ಮೌಂಟ್‌ಗೆ, ಅಂದರೆ ಬೋಲ್ಟ್ ಕೂರುವ ಜಾಗಕ್ಕೆ, ಸಾಗಿಸುತ್ತದೆ. ಮೌಂಟ್ ಇರುವುದು ಎಂಜಿನ್ ಕೇಸ್‌ನಲ್ಲಿ ಅನ್ನುವುದು ನೆನಪಿರಲಿ.

ಅಂತರಸನಹಳ್ಳಿ_ಟರ್ನರ್

ಶಿರಾಗೇಟ್ ತಮ್ಮ, ನಾನು ಲೇತ್ ಕೆಲಸದವನು. ಈ ಕೆಲಸ ಕೇಳಿಕೊಂಡು ಹುಡುಗರು ಬರುತ್ತಾರೆ. ಹೆಚ್ಚಿನವರು ಒಂದು ಫೋಟೋ ತೋರಿಸಿ "ಇದೇ ತರ ಗುಂಡಗೆ ಮಾಡಿಕೊಡಿ" ಅನ್ನುತ್ತಾರೆ. ಗುಂಡಗೆ ಮಾಡುವುದು ಕಷ್ಟವಲ್ಲ. ಒಳಗಿನದೇ ಮುಖ್ಯ. ಅದಕ್ಕೆ ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ನೀನು ಬಿಚ್ಚುವುದು ಎಂಜಿನ್ ಮೌಂಟಿಂಗ್ ಬೋಲ್ಟ್. ಎಂಜಿನ್ನನ್ನು ಫ್ರೇಮ್‌ಗೆ ಹಿಡಿದಿರುವುದು ಅದೇ. ಕಂಪನಿಯ ಬೋಲ್ಟ್ ತೆಗೆದು, ನಡುವೆ ಪ್ಲಾಸ್ಟಿಕ್ ಗುಂಡು ಇಟ್ಟು, ಉದ್ದದ ಬೋಲ್ಟ್ ಹಾಕಿ ಬಿಗಿದರೆ ಏನಾಗುತ್ತದೆ? ಪ್ಲಾಸ್ಟಿಕ್ ಒತ್ತಡಕ್ಕೆ ನಿಧಾನವಾಗಿ ತಗ್ಗುತ್ತಾ ಹೋಗುತ್ತದೆ. ಎಂಜಿನ್ ಬಿಸಿ ಸೇರಿದರೆ ಇನ್ನೂ ಬೇಗ. ಇವತ್ತು ಗಟ್ಟಿಯಾಗಿದ್ದ ಬೋಲ್ಟ್ ಸ್ವಲ್ಪ ದಿನಕ್ಕೆ ಸಡಿಲ. ಆಗ ಎಂಜಿನ್ ಒಂದು ಕಡೆ ಅಲುಗಾಡಲು ಶುರುವಾಗುತ್ತದೆ. ಬೀಳದೆಯೇ ಬೈಕ್ ಹಾಳು.

ಅದಕ್ಕೆ ಪ್ಲಾಸ್ಟಿಕ್ ಒಳಗೆ ಕಬ್ಬಿಣದ ಬುಶ್, ಅಂದರೆ ಗಿಡ್ಡ ಕೊಳವೆ, ಇರಲೇಬೇಕು. ಬೋಲ್ಟ್ ತಲೆ ವಾಷರ್ ಮೇಲೆ, ವಾಷರ್ ಬುಶ್ ಮೇಲೆ, ಬುಶ್ ಫ್ರೇಮ್ ಮೇಲೆ. ಬಿಗಿತ ಪೂರ್ತಿ ಲೋಹದ ಮೇಲೇ ಹೋಗಬೇಕು. ಪ್ಲಾಸ್ಟಿಕ್ ಬುಶ್ ಸುತ್ತ ಕೂತಿರುತ್ತದೆ ಅಷ್ಟೇ. ಎಂ10 (10 ಮಿ.ಮೀ. ದಪ್ಪದ) ಬೋಲ್ಟ್ ಅಂತ ಇಟ್ಟುಕೊಂಡರೆ, ನಾನು ಮಾಡುವುದು ಹೀಗೆ. ಬುಶ್ ಹೊರ ವ್ಯಾಸ 16 ಮಿ.ಮೀ., ಒಳಗೆ 10.2. ವಾಷರ್ 24 ಮಿ.ಮೀ. ಅಗಲ, 3 ಮಿ.ಮೀ. ದಪ್ಪ. ಪ್ಲಾಸ್ಟಿಕ್ 50 ಮಿ.ಮೀ. ರಾಡ್. ಹೊರಗಡೆಯಿಂದ 25 ಮಿ.ಮೀ. ಅಗಲದ ಕುಳಿ ತೋಡುತ್ತೇನೆ, ತಲೆಯೂ ವಾಷರೂ ಅದರ ತಳಕ್ಕೆ ಇಳಿಯುವ ಹಾಗೆ. ಕುಳಿಯ ಕೆಳಗೆ ಉಳಿದ ಪ್ಲಾಸ್ಟಿಕ್ಕಿಗಿಂತ ಬುಶ್ 0.2 ಮಿ.ಮೀ. ಗಿಡ್ಡ ಇಡುತ್ತೇನೆ. ಬಿಗಿದಾಗ ಪ್ಲಾಸ್ಟಿಕ್ಕನ್ನು ಸ್ವಲ್ಪವೇ ಅಮುಕಿ ವಾಷರ್ ಬುಶ್ ಮೇಲೆ ನಿಲ್ಲುತ್ತದೆ. ಪ್ಲಾಸ್ಟಿಕ್ ಗಡಗಡ ಅನ್ನುವುದೂ ಇಲ್ಲ, ಭಾರ ಹೊರುವುದೂ ಇಲ್ಲ.

ಕುಳಿ ಆಳ ಇರಬೇಕು. ಬೋಲ್ಟ್ ತಲೆ ಫ್ರೇಮ್‌ಗೆ ಹತ್ತಿರ ಇದ್ದಷ್ಟೂ ಒಳ್ಳೆಯದು. ಪ್ಲಾಸ್ಟಿಕ್ ಸವೆಯುತ್ತಾ ಬಂದರೂ ತಲೆ ರಸ್ತೆಗೆ ತಾಗಬಾರದು. ಅದಕ್ಕಿಂತ ದೊಡ್ಡ ಕಾರಣ, ಪೆಟ್ಟು ಬಿದ್ದಾಗ ಬಗ್ಗುವ ಬೋಲ್ಟ್ ಗಿಡ್ಡ ಇರಬೇಕು. ಅದೇ ಪೆಟ್ಟು ಮೌಂಟ್‌ನಿಂದ 5 ಸೆಂ.ಮೀ. ದೂರದಲ್ಲಿ ಬಿದ್ದರೆ ಎಷ್ಟು ಬಗ್ಗಿಸುತ್ತದೋ, 10 ಸೆಂ.ಮೀ. ದೂರದಲ್ಲಿ ಬಿದ್ದರೆ ಅದರ ಎರಡರಷ್ಟು ಬಗ್ಗಿಸುತ್ತದೆ. ಸ್ಲೈಡರ್ ಉದ್ದ ಇದ್ದರೆ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಉದ್ದ ಅಂದರೆ ಸನ್ನೆಕೋಲು. ಫೇರಿಂಗ್‌ನ ಅತಿ ಉಬ್ಬಿದ ಜಾಗಕ್ಕಿಂತ ಒಂದು ಇಂಚು ಹೊರಗೆ ಬಂದರೆ ಸಾಕು. ಫೇರಿಂಗ್‌ಗೆ ನೇರ ಪಟ್ಟಿಯೊಂದು ಒರಗಿಸಿ ಅಳೆದುಕೋ, ಅಂದಾಜಿಗೆ ಬೇಡ.

ಹೊರ ಅಂಚನ್ನು ಚೂಪಾಗಿ ಬಿಡಬೇಡ. ದೊಡ್ಡದಾಗಿ ಉರುಟು ಮಾಡಿಸು. ಚೂಪು ಅಂಚು ರಸ್ತೆಯ ಬಿರುಕಿಗೆ ಸಿಕ್ಕಿಹಾಕಿಕೊಳ್ಳುತ್ತದೆ.

ಶಿರಾಗೇಟ್_ಸವಾರ

ಅಣ್ಣ, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ. ತುಂಬಾ ಥ್ಯಾಂಕ್ಸ್. ಬುಶ್ ವಿಷಯ ನನಗೆ ಹೊಸದು. ಬೋಲ್ಟ್ ಹಾರ್ಡ್‌ವೇರ್ ಅಂಗಡಿಯಲ್ಲಿ ತಗೊಂಡರೆ ನಡೆಯುತ್ತಾ? ಥ್ರೆಡ್ ರಾಡ್ ಕತ್ತರಿಸಿ ಎರಡೂ ಕಡೆ ನಟ್ ಹಾಕಬಹುದು ಅಂತ ಒಬ್ಬರು ಅಂದರು.

ಅಂತರಸನಹಳ್ಳಿ_ಟರ್ನರ್

ಥ್ರೆಡ್ ರಾಡ್ ಬೇಡವೇ ಬೇಡ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಮೆದು ಕಬ್ಬಿಣದ್ದು, 4.6 ದರ್ಜೆಯ ಆಸುಪಾಸು. ಬೋಲ್ಟ್ ತಲೆ ಮೇಲಿನ ಅಂಕಿ ಓದುವುದು ಸುಲಭ. ಮೊದಲ ಅಂಕಿಯನ್ನು ನೂರರಿಂದ ಗುಣಿಸಿದರೆ ಎಳೆತ ತಡೆಯುವ ಶಕ್ತಿ, ಮೆಗಾಪ್ಯಾಸ್ಕಲ್ ಲೆಕ್ಕದಲ್ಲಿ. ಚುಕ್ಕಿಯ ಆಚೆಯದು ಅದರಲ್ಲಿ ಎಷ್ಟು ಭಾಗದವರೆಗೆ ಶಾಶ್ವತವಾಗಿ ಹಿಗ್ಗದೆ ನಿಲ್ಲುತ್ತದೆ ಅನ್ನುವುದು. 4.6 ಅಂದರೆ 400, ಅದರಲ್ಲಿ 240ಕ್ಕೇ ಹಿಗ್ಗಲು ಶುರು. 8.8 ಅಂದರೆ 800ಕ್ಕೆ 640. 10.9 ಅಂದರೆ 1000ಕ್ಕೆ 900. ವ್ಯತ್ಯಾಸ ನೀನೇ ನೋಡು. ಜೊತೆಗೆ ಥ್ರೆಡ್ ರಾಡ್‌ನಲ್ಲಿ ಉದ್ದಕ್ಕೂ ಥ್ರೆಡ್. ಫ್ರೇಮ್‌ಗೂ ಬುಶ್‌ಗೂ ನಡುವಿನ ಸಂದಿಯಲ್ಲಿ ಥ್ರೆಡ್ ಬಂದರೆ ಅಲ್ಲಿ ಕಡಿಯುತ್ತದೆ. ಆ ಜಾಗದಲ್ಲಿ ಬೋಲ್ಟ್‌ನ ನುಣುಪು ದೇಹ ಇರಬೇಕು.

ಗುರುತಿಲ್ಲದ ಬೋಲ್ಟ್ ಕೈಗೂ ತಗೋಬೇಡ. ಅಲೆನ್ ಬೋಲ್ಟ್ ಎಂ10 ಆದರೆ ತಲೆ 16 ಮಿ.ಮೀ., 8 ನಂಬರ್ ಕೀ ಬೀಳುತ್ತದೆ. ಕಂಪನಿ ಬೋಲ್ಟ್ ಯಾವ ದರ್ಜೆಯೋ ಅದಕ್ಕಿಂತ ಕಮ್ಮಿ ಹಾಕಬಾರದು.

ಪಿಚ್, ಅಂದರೆ ಒಂದು ಥ್ರೆಡ್‌ನಿಂದ ಮುಂದಿನದಕ್ಕೆ ಇರುವ ದೂರ, ನೋಡಿ ತಗೋ. ಇದು ಎಲ್ಲರಿಗೂ ತೊಂದರೆ ಕೊಡುವ ಜಾಗ. ಹಾರ್ಡ್‌ವೇರ್ ಅಂಗಡಿಯ ಎಂ10 ಸಾಮಾನ್ಯವಾಗಿ 1.5 ಪಿಚ್. ಜಪಾನ್ ಮೂಲದ ಬೈಕುಗಳಲ್ಲಿ 1.25 ಜಾಸ್ತಿ. ಹಳೆ ಬೋಲ್ಟ್ ತಗೊಂಡು ಹೋಗಿ ಪಿಚ್ ಗೇಜ್ ಇಟ್ಟು ನೋಡು. ಹೊಸ ಬೋಲ್ಟ್ ಬೆರಳಲ್ಲೇ ಪೂರ್ತಿ ಒಳಗೆ ಹೋಗಬೇಕು. ಒಂದೆರಡು ಸುತ್ತಿಗೇ ಗಟ್ಟಿಯಾದರೆ ಅಲ್ಲೇ ನಿಲ್ಲಿಸು. ಸ್ಪ್ಯಾನರ್ ಹಾಕಿದೆಯೋ, ಅಲ್ಯೂಮಿನಿಯಂ ಥ್ರೆಡ್ ಸಿಪ್ಪೆ ಎದ್ದು ಬರುತ್ತದೆ.

ಉದ್ದದ ಲೆಕ್ಕ: ಹಳೆ ಬೋಲ್ಟ್ ಉದ್ದಕ್ಕೆ ಬುಶ್ ಉದ್ದ, ವಾಷರ್ ದಪ್ಪ ಸೇರಿಸು. ಹಳೆ ಬೋಲ್ಟ್ ಎಷ್ಟು ಥ್ರೆಡ್ ಹಿಡಿದಿತ್ತೋ ಹೊಸದೂ ಅಷ್ಟೇ ಹಿಡಿಯಬೇಕು. ಕುರುಡು ತೂತಾದರೆ, ಅಂದರೆ ಆಚೆ ಕಡೆ ತೆರೆದಿಲ್ಲದ್ದಾದರೆ, ಜಾಸ್ತಿ ಉದ್ದದ ಬೋಲ್ಟ್ ತಳ ಮುಟ್ಟಿ ನಿಲ್ಲುತ್ತದೆ. ಬಿಗಿಯಾದ ಹಾಗೆ ಅನ್ನಿಸುತ್ತದೆ, ಆದರೆ ಏನನ್ನೂ ಹಿಡಿದಿರುವುದಿಲ್ಲ.

ಕ್ಯಾತ್ಸಂದ್ರ_390

12.9 ಹಾಕಿದರೆ ಇನ್ನೂ ಒಳ್ಳೆಯದಲ್ವಾ ಅಣ್ಣ? ಅಲೆನ್ ಬೋಲ್ಟ್ ಕೇಳಿದರೆ ಅದೇ ಕೊಡುತ್ತಾರೆ.

ಹೆಗ್ಗೆರೆ_ಪಾಲಿಮರ್

ನಾನು ಪ್ಲಾಸ್ಟಿಕ್ ಮೌಲ್ಡಿಂಗ್ ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ, ಮನೆಯಲ್ಲಿ ತಮ್ಮನ ಆರ್‌ಎಸ್200 ಇದೆ. ಬೋಲ್ಟ್ ಬಗ್ಗೆ ಟರ್ನರ್ ಅಣ್ಣನೇ ಹೇಳಲಿ. ಒಂದು ಮಾತು ಮಾತ್ರ ಸೇರಿಸುತ್ತೇನೆ. 12.9 ಬೋಲ್ಟ್‌ಗೆ ಹೊಳಪು ಬರಲಿ ಅಂತ ಪ್ಲೇಟಿಂಗ್ ಮಾಡಿಸಬೇಡಿ. ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಒಳಗೆ ಸೇರಿಕೊಂಡು ಅಷ್ಟು ಗಟ್ಟಿ ಉಕ್ಕು ಸುಳಿವೇ ಕೊಡದೆ ಮುರಿಯಬಹುದು.

ಈಗ ಪ್ಲಾಸ್ಟಿಕ್. ಬಿಳಿ ರಾಡ್ ಎಲ್ಲ ಒಂದೇ ತರ ಕಾಣುತ್ತವೆ. ಡೆಲ್ರಿನ್ ಕೇಳಿದರೆ ನೈಲಾನ್ ಕೊಡುವುದು, ನೈಲಾನ್ ಕೇಳಿದರೆ ಇನ್ನೇನೋ ಕೊಡುವುದು ನಡೆಯುತ್ತಲೇ ಇರುತ್ತದೆ. ಕಂಡುಹಿಡಿಯಲು ಒಂದು ತಕ್ಕಡಿ ಸಾಕು. 50 ಮಿ.ಮೀ. ವ್ಯಾಸ, 100 ಮಿ.ಮೀ. ಉದ್ದದ ತುಂಡು ತಗೊಳ್ಳಿ. ನೈಲಾನ್ 6 ಆದರೆ ಸುಮಾರು 224 ಗ್ರಾಂ ತೂಗುತ್ತದೆ. ಡೆಲ್ರಿನ್, ಅಂದರೆ ಅಸಿಟಾಲ್ ಆದರೆ ಸುಮಾರು 277 ಗ್ರಾಂ. 50 ಗ್ರಾಂ ವ್ಯತ್ಯಾಸ ಕಿರಾಣಿ ಅಂಗಡಿಯ ತಕ್ಕಡಿಯಲ್ಲೂ ಗೊತ್ತಾಗುತ್ತದೆ. 185ರ ಹತ್ತಿರ ಬಂದರೆ ಅದು ಪಾಲಿಥಿಲೀನ್. ಒಂದು ಚೂರು ನೀರಿಗೆ ಹಾಕಿದರೆ ತೇಲುತ್ತದೆ. ಮೊದಲಿನ ಎರಡೂ ಮುಳುಗುತ್ತವೆ.

ಯಾವುದು ಒಳ್ಳೆಯದು ಅಂದರೆ, ಡೆಲ್ರಿನ್ ಅಳತೆ ಬಿಡುವುದಿಲ್ಲ. ನೀರು ಹೀರುವುದು ತೀರಾ ಕಮ್ಮಿ. ನೈಲಾನ್ 6 ಗಟ್ಟಿಮುಟ್ಟು, ಪೆಟ್ಟಿಗೆ ಬೇಗ ಒಡೆಯುವುದಿಲ್ಲ, ಸವೆತವನ್ನೂ ಚೆನ್ನಾಗಿ ತಡೆಯುತ್ತದೆ. ಆದರೆ ಗಾಳಿಯ ತೇವವನ್ನೇ 2.5ರಿಂದ 3 ಶೇಕಡಾ ಹೀರಿ ಉಬ್ಬುತ್ತದೆ, ನೀರಲ್ಲೇ ಬಿಟ್ಟರೆ 9 ಶೇಕಡಾದವರೆಗೂ ಹೋಗುತ್ತದೆ. ಬುಶ್ ಇಲ್ಲದೆ ನೈಲಾನ್ ಬಿಗಿದರೆ ಮಳೆಗಾಲಕ್ಕೊಂದು ಬಿಗಿ, ಬೇಸಿಗೆಗೊಂದು ಬಿಗಿ. ಬುಶ್ ಹಾಕಿದರೆ ಈ ಚಿಂತೆ ಬಹಳಷ್ಟು ತಪ್ಪುತ್ತದೆ. ಹಾಗಾಗಿ ಡೆಲ್ರಿನ್ ಸಿಗದಿದ್ದರೆ ನೈಲಾನ್ ಹಾಕಿ, ತಪ್ಪೇನಿಲ್ಲ. ಪಾಲಿಥಿಲೀನ್ ಜಾರುವುದರಲ್ಲಿ ಎಲ್ಲಕ್ಕಿಂತ ಮುಂದು, ಆದರೆ 130 ಡಿಗ್ರಿ ಹತ್ತಿರವೇ ಕರಗುತ್ತದೆ. ರಸ್ತೆಗೆ ಉಜ್ಜಿದಾಗ ಅಷ್ಟು ಬಿಸಿ ಏರಲು ಹೊತ್ತು ಬೇಕಿಲ್ಲ. ಡೆಲ್ರಿನ್ 175, ನೈಲಾನ್ 6 ಸುಮಾರು 220.

ದಯವಿಟ್ಟು ಒಂದು ನೆನಪಿಡಿ. ಯಾವ ಪ್ಲಾಸ್ಟಿಕ್ ಅಂತ ನೋಡಲು ಬೆಂಕಿ ಹಚ್ಚುವ ಅಭ್ಯಾಸ ಇದೆ. ಡೆಲ್ರಿನ್ ಸುಟ್ಟರೆ ಫಾರ್ಮಾಲ್ಡಿಹೈಡ್ ಬರುತ್ತದೆ. ಕಣ್ಣು, ಗಂಟಲು ಉರಿಯುತ್ತದೆ. ಅದರ ಜ್ವಾಲೆ ಹಗಲಲ್ಲಿ ಸರಿಯಾಗಿ ಕಾಣುವುದೂ ಇಲ್ಲ. ತಕ್ಕಡಿ ಇರುವಾಗ ಬೆಂಕಿ ಯಾಕೆ ಬೇಕು?

ಅಂತರಸನಹಳ್ಳಿ_ಟರ್ನರ್

ಅಕ್ಕ ಹೇಳಿದ ತಕ್ಕಡಿ ಉಪಾಯ ನಮ್ಮ ಶಾಪ್‌ಗೂ ಬೇಕು. ನಾವು ಇಷ್ಟು ದಿನ ಟೂಲ್ ಹಾಕಿ ಸುರುಳಿ ಬರುವುದನ್ನು ನೋಡಿಯೇ ಹೇಳುತ್ತಿದ್ದೆವು. ಡೆಲ್ರಿನ್ ಸುರುಳಿ ಗರಿಗರಿಯಾಗಿ ಸಲೀಸಾಗಿ ಬರುತ್ತದೆ. ನೈಲಾನ್ ಉದ್ದುದ್ದ ದಾರದ ಹಾಗೆ ಎದ್ದು ಚಕ್‌ಗೆ ಸುತ್ತಿಕೊಳ್ಳುತ್ತದೆ.

12.9 ಕೇಳಿದ್ದಕ್ಕೆ ಉತ್ತರ. ಬೋಲ್ಟ್ ಬಗ್ಗದಿದ್ದರೆ ಆ ಪೆಟ್ಟು ಎಲ್ಲಿಗೋ ಹೋಗಲೇಬೇಕು. ಮುಂದಿನದು ಎಂಜಿನ್ ಕೇಸ್ ಅಥವಾ ಫ್ರೇಮ್ ಕಿವಿ. ಬೋಲ್ಟ್ ಬಗ್ಗಿದರೆ ಬೋಲ್ಟ್ ಬದಲಿಸುತ್ತೀಯ. ಕೇಸ್ ಒಡೆದರೆ ಎಂಜಿನ್ ಇಳಿಸಿ ಪೂರ್ತಿ ಬಿಚ್ಚಬೇಕು. ಅದಕ್ಕೆ ಕಂಪನಿ ದರ್ಜೆಗೆ ಸಮ ಇಟ್ಟುಕೋ, ಮೇಲಕ್ಕೂ ಹೋಗಬೇಡ ಕೆಳಕ್ಕೂ ಬರಬೇಡ. ಮೊದಲು ಪ್ಲಾಸ್ಟಿಕ್ ಸವೆಯಬೇಕು, ಆಮೇಲೆ ಪ್ಲಾಸ್ಟಿಕ್ ಒಡೆಯಬೇಕು, ಆಮೇಲೆ ಬೋಲ್ಟ್ ಬಗ್ಗಬೇಕು. ಎಂಜಿನ್‌ನ ಸರದಿ ಬರಲೇಬಾರದು. ಸ್ಲೈಡರ್ ಮಾಡುವ ಕೆಲಸವೆಲ್ಲ ಈ ಸರದಿ ಹೊಂದಿಸುವುದರಲ್ಲೇ ಇದೆ.

ಗುಬ್ಬಿ_ಹುಡುಗ

ಫೇರಿಂಗ್ ಕತ್ತರಿಸದೆ ಹಾಕುವ ಬ್ರಾಕೆಟ್ ಬರುತ್ತದಲ್ಲ, ಅದು ಹೇಗೆ?

ಮಧುಗಿರಿ_ಮೆಕ್ಯಾನಿಕ್

ಪಟ್ಟಿ ಹಾಕಿ ಸ್ಲೈಡರನ್ನು ಮೌಂಟ್‌ನಿಂದ ಪಕ್ಕಕ್ಕೋ ಕೆಳಕ್ಕೋ ತರುತ್ತಾರೆ. ಫೇರಿಂಗ್ ಉಳಿಯುತ್ತದೆ, ನಿಜ. ಆದರೆ ಪೆಟ್ಟು ಬಿದ್ದಾಗ ಆ ಪಟ್ಟಿ ಬೋಲ್ಟನ್ನು ತಿರುಚುತ್ತದೆ. ಎರಡು ಬೋಲ್ಟ್‌ಗೆ ಹಿಡಿಯುವ ದಪ್ಪ ಪಟ್ಟಿ ಆದರೆ ಪರವಾಗಿಲ್ಲ. ಒಂದೇ ಬೋಲ್ಟ್‌ಗೆ ನೇತಾಡುವ ಪಟ್ಟಿ ಬೇಡ. ಒಂದೇ ಬೋಲ್ಟ್ ಆದರೆ ಫೇರಿಂಗ್‌ಗೆ ತೂತು ಹಾಕುವುದೇ ವಾಸಿ. ನಾನಂತೂ ಹಾಗೇ ಮಾಡುತ್ತೇನೆ.

ತೂತು ಎಲ್ಲಿ ಅನ್ನುವುದಕ್ಕೆ ಒಂದು ದಾರಿ ಇದೆ. ಹಳೆಯ ಉದ್ದ ಬೋಲ್ಟ್ ಒಂದರ ತಲೆ ಕತ್ತರಿಸಿ ಆ ತುದಿಯನ್ನು ಗ್ರೈಂಡರ್‌ನಲ್ಲಿ ಚೂಪು ಮಾಡಿ. ಮೌಂಟ್‌ಗೆ ಕೈಯಲ್ಲೇ ತಿರುಗಿಸಿ ಹಾಕಿ. ಚೂಪು ತುದಿಗೆ ಸ್ವಲ್ಪ ಲಿಪ್‌ಸ್ಟಿಕ್ಕೋ ಗ್ರೀಸೋ ಹಚ್ಚಿ. ಫೇರಿಂಗನ್ನು ಅದರ ಜಾಗಕ್ಕೆ ತಂದು ಮೆಲ್ಲಗೆ ಒತ್ತಿದರೆ ಒಳಮೈಯಲ್ಲಿ ಚುಕ್ಕೆ ಬೀಳುತ್ತದೆ. ಅದೇ ಕೇಂದ್ರ. ಹೊರಮೈಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಒಳಗಿನಿಂದ 3 ಮಿ.ಮೀ. ಡ್ರಿಲ್‌ನಲ್ಲಿ ಸಣ್ಣ ತೂತು ಮಾಡಿ, ಆಮೇಲೆ ಹೊರಗಿನಿಂದ ಹೋಲ್‌ಸಾ (ಗುಂಡು ತೂತು ಕೊರೆಯುವ ಗರಗಸ) ಹಾಕಿ. ಡ್ರಿಲ್ ನಿಧಾನ ತಿರುಗಲಿ. ಸ್ಪೀಡ್ ಕೊಟ್ಟರೆ ಎಬಿಎಸ್ ಪ್ಲಾಸ್ಟಿಕ್ ಕೊರೆಯುವ ಬದಲು ಕರಗಿ ಅಂಚಿಗೆ ಮೆತ್ತಿಕೊಳ್ಳುತ್ತದೆ. ಸ್ಲೈಡರ್ ಸುತ್ತ 5 ಮಿ.ಮೀ. ಆದರೂ ಸಂದು ಬಿಡಿ. ಕಂಪನಕ್ಕೆ ತಾಗುತ್ತಿದ್ದರೆ ತೂತಿನ ಅಂಚಿನಿಂದಲೇ ಫೇರಿಂಗ್ ಸೀಳುತ್ತದೆ.

ಬೋಲ್ಟ್ ತೆಗೆಯುವ ಮೊದಲು ಎಂಜಿನ್ ಕೆಳಗೆ ಮರದ ತುಂಡು ಇಟ್ಟು ಜ್ಯಾಕ್ ಕೊಡಿ. ಎತ್ತುವುದಕ್ಕಲ್ಲ, ಭಾರ ತಗೊಳ್ಳುವಷ್ಟು ಮಾತ್ರ. ಒಂದು ಕಡೆ ಪೂರ್ತಿ ಮುಗಿಸಿ ಇನ್ನೊಂದು ಕಡೆಗೆ ಹೋಗಿ. ಎರಡೂ ಕಡೆ ಒಟ್ಟಿಗೆ ಬಿಚ್ಚಿದರೆ ಎಂಜಿನ್ ಕೂದಲೆಳೆಯಷ್ಟು ಇಳಿದು ತೂತು ಸೇರುವುದಿಲ್ಲ. ಬಿಗಿಯಲು ಟಾರ್ಕ್ ರೆಂಚ್ ಬೇಕು, ಅಂಕಿ ನಿಮ್ಮ ಬೈಕಿನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುವುದು. ಕೊನೆಗೆ ಬೋಲ್ಟ್ ತಲೆಯಿಂದ ವಾಷರ್‌ವರೆಗೆ ಉಗುರುಬಣ್ಣದಲ್ಲಿ ಒಂದು ಗೀಟು ಎಳೆಯಿರಿ. ಗೀಟು ಮುರಿದಿದ್ದರೆ ಬೋಲ್ಟ್ ತಿರುಗಿದೆ ಅಂತ ಅರ್ಥ. ಬೈಕ್ ತೊಳೆಯುವಾಗೆಲ್ಲ ಅದರ ಕಡೆ ಒಮ್ಮೆ ಕಣ್ಣು ಹಾಯಿಸಿ.

ಕುಣಿಗಲ್_ಕುದುರೆ

ಮೆಕ್ಯಾನಿಕ್ ಅಣ್ಣ ಹೇಳಿದ ಮೇಲೆ ಪೈಪ್ ಗಾರ್ಡ್ ಮಾತು ವಾಪಸ್ ತಗೊಳ್ಳುತ್ತೇನೆ, ಫೇರಿಂಗ್ ಬೈಕಿಗೆ ಹೊಂದುವುದಿಲ್ಲ ಅನ್ನುವುದು ಸರಿ. ಆದರೆ ಕಾನೂನು ಏನು ಹೇಳುತ್ತದೆ? ಪೊಲೀಸರು ಹಿಡಿಯುವುದಿಲ್ಲವಾ?

ತಿಪಟೂರು_ಟೂರರ್

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ವಾಹನದಲ್ಲಿ ಕಂಪನಿಯ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಅನ್ನುತ್ತದೆ. 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ವಿರುದ್ಧ ರಾಜ್ಯಗಳಿಗೆ ಪತ್ರ ಬರೆದಾಗಲೂ ಇದೇ ಸೆಕ್ಷನ್ ಎತ್ತಿತ್ತು. ಅಲ್ಲಿ ಮುಖ್ಯ ಗುರಿ ಕಾರುಗಳ ಮುಂದಿನ ಬಾರ್. ಆದರೂ ಹೊರಗೆ ಚಾಚಿಕೊಂಡ, ದಾರಿಹೋಕರಿಗೆ ತಾಗುವ ಲೋಹದ ಗಾರ್ಡ್ ಯಾವುದೇ ವಾಹನಕ್ಕೂ ಬೇಡ. ವಾರಂಟಿ ಇರುವ ಬೈಕಾದರೆ ಫೇರಿಂಗ್ ಕೊರೆಯುವ ಮೊದಲು ಶೋರೂಮಿನಲ್ಲೂ ಇನ್ಶೂರೆನ್ಸ್‌ನವರ ಹತ್ತಿರವೂ ಕೇಳಿಕೊಳ್ಳಿ.

ಸೀರೆ ಗಾರ್ಡ್ ತೆಗೆದುಹಾಕುವವರು ಬಹಳ ಜನ. ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚುವ ರಕ್ಷಣೆ ಕೇಂದ್ರ ಮೋಟಾರು ವಾಹನ ನಿಯಮಗಳ 123ರ ಪ್ರಕಾರ ಇರಬೇಕು. ಹಿಂದೆ ಕೂತವರ ಸೀರೆ, ದುಪಟ್ಟಾ ಚಕ್ರಕ್ಕೆ ಸಿಕ್ಕರೆ ಆಗುವ ಅನಾಹುತಕ್ಕೆ ಯಾವ ಸ್ಲೈಡರೂ ಅಡ್ಡ ಬರುವುದಿಲ್ಲ.

ದುರ್ಗದ_ತಿರುವು

ನಾನು ದೇವರಾಯನದುರ್ಗಕ್ಕೆ ಹತ್ತುವವಳು. ಎಲ್ಲರೂ ಬೈಕ್ ಬಗ್ಗೆಯೇ ಹೇಳುತ್ತಿದ್ದೀರಿ. ಸ್ಲೈಡರ್ ಉಳಿಸುವುದು ಬೈಕನ್ನು. ಮೈಯನ್ನಲ್ಲ. ಮೊದಲು ದುಡ್ಡು ಗ್ಲೌಸ್‌ಗೆ, ಜಾಕೆಟ್‌ಗೆ, ಪಾದ ಮುಚ್ಚುವ ಬೂಟಿಗೆ ಹೋಗಲಿ. ಹೆಲ್ಮೆಟ್ ಐಎಸ್ 4151 ಗುರುತು ಇರುವುದೇ ಇರಲಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ಹೆಲ್ಮೆಟ್ ಮಾರುವಂತೆಯೇ ಇಲ್ಲ, ಆದರೂ ರಸ್ತೆ ಬದಿಯಲ್ಲಿ ರಾಶಿ ಹಾಕಿ ಮಾರುತ್ತಾರೆ. ಬಿದ್ದಾಗ ಯಾರಾದರೂ ಮೊದಲು ಚಾಚುವುದು ಕೈ. ಅಂಗೈ ಚರ್ಮ ಹೋದವರನ್ನು ನೋಡಿದ್ದೇನೆ. ತಿಂಗಳುಗಟ್ಟಲೆ ಊಟಕ್ಕೂ ಇನ್ನೊಬ್ಬರ ಕೈ ಕಾಯಬೇಕು.

ಇನ್ನು ಲಿವರ್ ಬಗ್ಗೆ. ಕ್ಲಚ್, ಬ್ರೇಕ್ ಲಿವರ್‌ಗಳ ಕ್ಲ್ಯಾಂಪ್ ಬಿಚ್ಚಿ ಹ್ಯಾಂಡಲ್ ಮೇಲೆ ಟೆಫ್ಲಾನ್ ಟೇಪ್ ಸುತ್ತಿ, ಪ್ಲಂಬರ್ ನಲ್ಲಿಗೆ ಸುತ್ತುವುದೇ ಅದು. ಮತ್ತೆ ಕ್ಲ್ಯಾಂಪ್ ಹಾಕುವಾಗ ಓಡಿಸುವಾಗ ಅಲ್ಲಾಡದಷ್ಟು, ಜೋರಾಗಿ ತಳ್ಳಿದರೆ ತಿರುಗುವಷ್ಟು ಬಿಗಿ ಇಡಿ. ಬಿದ್ದಾಗ ಲಿವರ್ ಮುರಿಯುವ ಬದಲು ತಿರುಗಿಕೊಳ್ಳುತ್ತದೆ. ದುರ್ಗದ ತುದಿಯಲ್ಲಿ ಕ್ಲಚ್ ಲಿವರ್ ಮುರಿದರೆ ಊರಿಗೆ ಬರುವುದು ಎಷ್ಟು ಕಷ್ಟ ಅಂತ ಹೋದವರಿಗೆ ಗೊತ್ತು.

ಶಿರಾಗೇಟ್_ಸವಾರ

ಅಕ್ಕ, ಗ್ಲೌಸ್, ಜಾಕೆಟ್ ಇದೆ. ಬೂಟು ಇಲ್ಲ, ಅದನ್ನೇ ಮೊದಲು ತಗೊಳ್ಳುತ್ತೇನೆ. ಟೆಫ್ಲಾನ್ ಟೇಪ್ ಇವತ್ತೇ ಸುತ್ತುತ್ತೇನೆ.

ಎಂಜಿನ್ ಕವರ್‌ಗೆ ಅಡುಗೆಮನೆಯ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಕತ್ತರಿಸಿ ಅಂಟಿಸಬಹುದಾ? ಒಂದು ವಿಡಿಯೋದಲ್ಲಿ ನೋಡಿದೆ.

ಹೆಗ್ಗೆರೆ_ಪಾಲಿಮರ್

ಬೇಡ. ಆ ಬೋರ್ಡ್ ಸಾಮಾನ್ಯವಾಗಿ ಪಾಲಿಥಿಲೀನ್. ಎಂಜಿನ್ ಎಣ್ಣೆ 100 ಡಿಗ್ರಿ ಹತ್ತಿರ ಓಡಾಡುವಾಗ ಕವರ್ ಮೈಯೂ ಚೆನ್ನಾಗಿ ಬಿಸಿಯಾಗುತ್ತದೆ. ಅಷ್ಟಕ್ಕೇ ಅದು ಮೆತ್ತಗಾಗುತ್ತದೆ. ಜೊತೆಗೆ ಪಾಲಿಥಿಲೀನ್‌ಗೆ ಯಾವ ಅಂಟೂ ಸರಿಯಾಗಿ ಹಿಡಿಯುವುದಿಲ್ಲ. ಮುಂದಿನ ಆಕ್ಸಲ್ ಸ್ಲೈಡರ್‌ಗೆ ಬೇಕಾದರೆ ಬಳಸಿ, ಅಲ್ಲಿ ಬಿಸಿ ಇಲ್ಲ.

ಮಧುಗಿರಿ_ಮೆಕ್ಯಾನಿಕ್

ಕವರ್ ವಿಷಯ ಚಿಕ್ಕದಲ್ಲ. ಕ್ಲಚ್ ಕವರ್, ಮ್ಯಾಗ್ನೆಟ್ ಕವರ್ ಎರಡೂ ತೆಳು ಅಲ್ಯೂಮಿನಿಯಂ ಎರಕ. ಒಡೆದರೆ ಎಣ್ಣೆ ನೇರವಾಗಿ ರಸ್ತೆಗೆ, ನಿಮ್ಮದೇ ಹಿಂದಿನ ಟೈರಿಗೆ, ಹಿಂದೆ ಬರುವವರ ಟೈರಿಗೆ. ರೇಸಿನಲ್ಲಿ ಕವರ್ ಮೇಲೆ ಇನ್ನೊಂದು ಕವರ್ ಹಾಕಿಸುವುದು, ಎಣ್ಣೆ ಹಿಡಿಯುವ ಬೆಲ್ಲಿ ಪ್ಯಾನ್ ಕೇಳುವುದು ಇದಕ್ಕೇ. ಮನೆಯಲ್ಲಿ ಮಾಡುವುದಾದರೆ 3 ಮಿ.ಮೀ. ಅಲ್ಯೂಮಿನಿಯಂ ಹಾಳೆಯನ್ನು ಕವರ್‌ನ ಅತಿ ಉಬ್ಬಿದ ಜಾಗದ ಆಕಾರಕ್ಕೆ ಬಡಿದು, ಎಂಜಿನ್‌ಗೆ ಹಾಕುವ ಆರ್‌ಟಿವಿ ಸಿಲಿಕಾನ್‌ನಲ್ಲಿ ಅಂಟಿಸಿ. ಮೊದಲು ಎರಡೂ ಮೈ ಉಜ್ಜಿ, ಎಣ್ಣೆ ಜಿಡ್ಡು ಪೂರ್ತಿ ತೆಗೆಯಬೇಕು. ಒಂದು ದಿನ ಪೂರ್ತಿ ಒಣಗಲು ಬಿಡಿ. ಎಣ್ಣೆ ಹಾಕುವ ಮುಚ್ಚಳ, ಎಣ್ಣೆ ಮಟ್ಟ ನೋಡುವ ಗಾಜು ಮುಚ್ಚಿಹೋಗಬಾರದು.

ಹ್ಯಾಂಡಲ್ ತುದಿಯ ತೂಕ ತೆಗೆದು ಡೆಲ್ರಿನ್ ಹಾಕುವವರಿದ್ದಾರೆ. ಆ ತೂಕ ಇರುವುದು ಕಂಪನ ತಡೆಯಲು. ತೆಗೆದರೆ ಹೈವೇಯಲ್ಲಿ ಕೈ ಜುಮ್ಮೆನ್ನುತ್ತದೆ. ತೂಕ ಹಾಗೇ ಇರಲಿ, ಮೇಲೆ ಒಂದು ಡೆಲ್ರಿನ್ ಟೋಪಿ ಹಾಕಿಸಿ.

ಕ್ಯಾತ್ಸಂದ್ರ_390

ಒಂದು ಸಲ ಬಿದ್ದ ಮೇಲೆ ಅದೇ ಸ್ಲೈಡರ್ ಮತ್ತೆ ಹಾಕಬಹುದಾ?

ಅಂತರಸನಹಳ್ಳಿ_ಟರ್ನರ್

ನಿಂತಲ್ಲೇ ಮೆಲ್ಲಗೆ ಮಗುಚಿ ಗೀರು ಬಿದ್ದಿದ್ದರೆ ಪ್ಲಾಸ್ಟಿಕ್ ಹಾಗೇ ಇರಲಿ. ಓಡುವಾಗ ಬಿದ್ದಿದ್ದರೆ ಬೋಲ್ಟ್ ಕಣ್ಣಿಗೆ ನೇರವಾಗಿ ಕಂಡರೂ ಬದಲಿಸಿ. ಬುಶ್ ಬಿಚ್ಚಿ ಚಪ್ಪಟೆ ಕಲ್ಲಿನ ಮೇಲೆ ಉರುಳಿಸಿ ನೋಡಿ. ಮೌಂಟ್ ಸುತ್ತ ಬಿರುಕು ಇದೆಯಾ ಅನ್ನುವುದಕ್ಕೆ ಡೈ ಪೆನಿಟ್ರಂಟ್ ಸ್ಪ್ರೇ ಬರುತ್ತದೆ, ಫ್ಯಾಬ್ರಿಕೇಶನ್ ಮಾಡುವ ಎಷ್ಟೋ ಶೆಡ್‌ಗಳಲ್ಲಿ ಇರುತ್ತದೆ. ಜಾಗ ಒರೆಸಿ ಕೆಂಪು ಹೊಡೆದು, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿ, ಆಮೇಲೆ ಬಿಳಿ ಹೊಡೆಯುತ್ತಾರೆ. ಬಿರುಕಿದ್ದರೆ ಬಿಳಿ ಮೇಲೆ ಕೆಂಪು ಗೆರೆ ಮೂಡುತ್ತದೆ. ಬರಿಗಣ್ಣಿಗೆ ಕಾಣದ್ದು ಅದರಲ್ಲಿ ಕಾಣುತ್ತದೆ.

ಶಿರಾಗೇಟ್_ಸವಾರ

ಡೆಲ್ರಿನ್ ರಾಡ್ ಪೀಣ್ಯದಿಂದ ತರಿಸುತ್ತೇನೆ, ತಕ್ಕಡಿಗೆ ಹಾಕಿಯೇ ತಗೊಳ್ಳುತ್ತೇನೆ. ಹಳೆ ಬೋಲ್ಟ್ ತಗೊಂಡು ಟರ್ನರ್ ಅಣ್ಣನ ಹತ್ತಿರ ಬರುತ್ತೇನೆ. ಒಂದೇ ಅನುಮಾನ ಉಳಿದಿದೆ. ಒಂದು ಕಡೆ ಫೇರಿಂಗ್ ಒಳಗೆ ಮೌಂಟ್ ಪಕ್ಕದಲ್ಲೇ ಕೂಲೆಂಟ್ ಹೋಸ್ (ಎಂಜಿನ್ ತಂಪು ಮಾಡುವ ದ್ರವದ ಪೈಪ್) ಹೋಗಿದೆ. 50 ಮಿ.ಮೀ. ಗುಂಡು ಅದಕ್ಕೆ ತಾಗುವ ಹಾಗಿದೆ.

ಅಂತರಸನಹಳ್ಳಿ_ಟರ್ನರ್

ಒಳಗಡೆಯ ಭಾಗವನ್ನು 30 ಮಿ.ಮೀ.ಗೆ ಇಳಿಸಿ, ಫೇರಿಂಗ್ ದಾಟಿದ ಮೇಲೆ 50 ಮಾಡೋಣ. ಮೆಟ್ಟಿಲು ಬರುವ ಮೂಲೆ ಉರುಟಾಗಿಯೇ ಇರಲಿ, ಚೂಪಾದರೆ ಅಲ್ಲಿಂದಲೇ ಸೀಳುತ್ತದೆ. ವಾಷರ್ ಕುಳಿಯ ತಳ 50ರ ಭಾಗದಲ್ಲೇ ನಿಲ್ಲಬೇಕು, 30ರ ಒಳಗೆ ಇಳಿಸಿದರೆ ಗೋಡೆ ಉಳಿಯುವುದಿಲ್ಲ. ಹೀಗೆ ಮಾಡಿದರೆ ಬೋಲ್ಟ್ ಸ್ವಲ್ಪ ಉದ್ದವಾಗುತ್ತದೆ, ಹಾಗಾಗಿ ಆ ಕಡೆ ಬುಶ್ ಹೊರ ವ್ಯಾಸ 18 ಇಡೋಣ. ಫೇರಿಂಗ್ ಬಿಚ್ಚಿ ಹೋಸ್‌ಗೂ ಮೌಂಟ್ ಕೇಂದ್ರಕ್ಕೂ ಎಷ್ಟು ದೂರ ಅಂತ ವರ್ನಿಯರ್‌ನಲ್ಲಿ ಅಳೆದು ಬರೆದುಕೊಂಡು ಬಾ. ಎಂಜಿನ್ ಬಿಸಿಯಾಗಿದ್ದಾಗ ಅಳೆ, ಆಗ ಹೋಸ್ ಉಬ್ಬಿರುತ್ತದೆ.